ಕಿತ್ತಳೆ ಹೆಚ್ಚೋ, ದೊಣ್ಣೆ ಮೆಣಸಿನಕಾಯಿ ಹೆಚ್ಚೋ?

ಪ್ರಿಯ ಯುವ ಓದುಗರೇ,

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಮ್ಮಂದಿರವು. ಆದರೆ ಈ ಸಲ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬರೆದಿದ್ದಾಳೆ, ಅದೂ ಕನ್ನಡದಲ್ಲಿ! ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿವೆ, ಚಿಂತೆಯಿಲ್ಲ. ಬರೆಯುತ್ತಾ ಬರೆಯುತ್ತಾ ಸರಿಹೋಗುತ್ತವೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾಳೆ, ಹಾಗಾಗಿ ಹಾಕುವುದಿಲ್ಲ. ಅವಳ ಪ್ರಶ್ನೆ ಇಷ್ಟು: "ಆಂಟಿ, ನನಗೆ ತರಕಾರಿ ಸೇರುವುದಿಲ್ಲ. ಅದರ ಬದಲು ಸಂಜೆ ಕಾಲೇಜಿನಿಂದ ಬಂದ ಮೇಲೆ ಒಂದು ಕಿತ್ತಳೆಹಣ್ಣು ತಿನ್ನುತ್ತೇನೆ. ಅದರಲ್ಲಿ ವಿಟಮಿನ್ ಸಿ ಇದೆಯಲ್ಲ? ಆದರೂ ಅಮ್ಮ ದಿನಾ ಡಬ್ಬಿಗೆ ಶಿಮ್ಲಾ ಮಿರ್ಚಿ ಹಾಕಿಯೇ ಹಾಕುತ್ತಾರೆ. ನಾನು ಸರಿಯೋ, ಅಮ್ಮ ಸರಿಯೋ?"

ತಾಯಿ ಮಗಳ ನಡುವೆ ನ್ಯಾಯ ಹೇಳಲು ಹೋದವರು ಯಾರೂ ಉದ್ಧಾರವಾಗಿಲ್ಲ. ಆದರೂ ಪ್ರಶ್ನೆ ಚೆನ್ನಾಗಿದೆ. ನಾನು ಡಾಕ್ಟರಲ್ಲ, ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಅಡುಗೆಮನೆ ನೋಡಿಕೊಂಡವಳು. ಪುಸ್ತಕಗಳಲ್ಲಿ ಓದಿದ್ದನ್ನೂ ಒಲೆಯ ಮುಂದೆ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಹಣ್ಣಿನ ಪರವಾಗಿ ಕಿತ್ತಳೆ, ತರಕಾರಿಯ ಪರವಾಗಿ ದೊಣ್ಣೆ ಮೆಣಸಿನಕಾಯಿ. ಇಬ್ಬರನ್ನೂ ತಕ್ಕಡಿಗೆ ಹಾಕೋಣ.

ಮೊದಲು ಹೆಸರಿನ ವಿಷಯ

ನೀವು ಶಿಮ್ಲಾ ಮಿರ್ಚಿ ಅಥವಾ ಕ್ಯಾಪ್ಸಿಕಂ ಎನ್ನುವುದನ್ನು, ಮುಂಬಯಿಯ ತರಕಾರಿ ಬಾಯಿ ಢೋಬಳಿ ಮಿರ್ಚಿ ಎನ್ನುವುದನ್ನು ನಮ್ಮಲ್ಲಿ ದೊಣ್ಣೆ ಮೆಣಸಿನಕಾಯಿ ಅಥವಾ ದಪ್ಪ ಮೆಣಸಿನಕಾಯಿ ಎನ್ನುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಇದೂ ಒಂದೇ ಜಾತಿಯ ಗಿಡದ ಎರಡು ತಳಿಗಳು. ಇದರಲ್ಲಿ ಖಾರದ ಅಂಶ ಇಲ್ಲ, ಅಷ್ಟೇ ವ್ಯತ್ಯಾಸ. ಮೆಣಸಿನಕಾಯಿ ಹುಟ್ಟಿದ್ದು ನಮ್ಮ ದೇಶದಲ್ಲಲ್ಲ, ಅಮೆರಿಕ ಖಂಡದಲ್ಲಿ. ಪೋರ್ಚುಗೀಸರು ಹಡಗಿನಲ್ಲಿ ತಂದದ್ದು. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಕರಿಮೆಣಸು. ಹೊಸದಾಗಿ ಬಂದ ಕಾಯಿಯೂ ಮೆಣಸಿನಂತೆಯೇ ಖಾರವಾಗಿತ್ತು. ಅದಕ್ಕೇ 'ಮೆಣಸಿನ ಕಾಯಿ' ಎಂದು ಹೆಸರಿಟ್ಟರು. ಇಂಗ್ಲಿಷರೂ ಎರಡಕ್ಕೂ 'ಪೆಪ್ಪರ್' ಎಂದೇ ಕರೆದರು ನೋಡಿ.

ಇನ್ನೊಂದು ತಮಾಷೆಯಿದೆ. ಸಸ್ಯಶಾಸ್ತ್ರದ ಪ್ರಕಾರ ದೊಣ್ಣೆ ಮೆಣಸಿನಕಾಯಿ ತರಕಾರಿಯೇ ಅಲ್ಲ. ಹೂವಿನಿಂದ ಆಗಿ ಒಳಗೆ ಬೀಜ ಇಟ್ಟುಕೊಂಡಿರುವುದರಿಂದ ಅದೂ ಹಣ್ಣೇ! ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಇದು ಆಶ್ಚರ್ಯ ಎನಿಸುತ್ತದೆ. ಕನ್ನಡದವರಿಗೆ ಅಷ್ಟು ಆಶ್ಚರ್ಯವಾಗಬೇಕಾಗಿಲ್ಲ. ಬಲಿತು ಮಾಗದ್ದು ಕಾಯಿ, ಮಾಗಿದ್ದು ಹಣ್ಣು. ಬಾಳೆಕಾಯಿ ಪಲ್ಯಕ್ಕೆ, ಬಾಳೆಹಣ್ಣು ತಿನ್ನಲಿಕ್ಕೆ. ಮಾವಿನಕಾಯಿ ಉಪ್ಪಿನಕಾಯಿಗೆ, ಮಾವಿನಹಣ್ಣು ಸೀಕರಣೆಗೆ. ಉತ್ತರ ಕರ್ನಾಟಕದಲ್ಲಿ ಕೆಂಪಗೆ ಹಣ್ಣಾದ ಮೆಣಸಿನಕಾಯಿಯಿಂದ ಕೆಂಪು ಚಟ್ನಿ ರುಬ್ಬುವವರು 'ಹಣ್ಣು ಮೆಣಸಿನಕಾಯಿ ತಂದೆ' ಎಂದೇ ಹೇಳುತ್ತಾರೆ. ದೊಡ್ಡ ಅಂಗಡಿಗಳಲ್ಲಿ ಈಗ ಸಿಗುವ ಕೆಂಪು ಕ್ಯಾಪ್ಸಿಕಂ ಕೂಡ ಬೇರೆ ಏನೂ ಅಲ್ಲ, ಗಿಡದಲ್ಲೇ ಬಿಟ್ಟು ಹಣ್ಣಾದ ದೊಣ್ಣೆ ಮೆಣಸಿನಕಾಯಿ.

ಆದರೂ ಅಡುಗೆಮನೆಯಲ್ಲಿ ಅದು ತರಕಾರಿಯೇ. ನಾವು ಅಡುಗೆಮನೆಯ ಲೆಕ್ಕವನ್ನೇ ಹಿಡಿಯೋಣ. ಈ 'ಅಡುಗೆಮನೆಯ ಲೆಕ್ಕ' ಮುಂದೆ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಹಡಗಿನಲ್ಲಿ ಗೆದ್ದ ಹಣ್ಣು, ಪ್ರಯೋಗಶಾಲೆಯಲ್ಲಿ ಗೆದ್ದ ಕಾಯಿ

ವಿಟಮಿನ್ ಸಿ ಎಂದಕೂಡಲೇ ಎಲ್ಲರ ಬಾಯಲ್ಲೂ ಕಿತ್ತಳೆ ಎಂದೇ ಬರುತ್ತದೆ. ಇದಕ್ಕೆ ಕಾರಣವಿದೆ. ಹಿಂದೆ ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಿದ್ದ ನಾವಿಕರಿಗೆ ಸ್ಕರ್ವಿ ಎಂಬ ರೋಗ ಬರುತ್ತಿತ್ತು. ಒಸಡು ಊದಿ ರಕ್ತ ಸೋರುವುದು, ಹಲ್ಲು ಸಡಿಲವಾಗುವುದು, ಗಾಯ ಮಾಯದಿರುವುದು, ಕೊನೆಗೆ ಸಾವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, 'ಸಾಲಿಸ್‌ಬರಿ' ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ ಒಂದೊಂದು ಜೋಡಿಗೆ ಒಂದೊಂದು ಚಿಕಿತ್ಸೆ. ಒಂದು ಜೋಡಿಗೆ ಮಾತ್ರ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರೇ ದಿನದಲ್ಲಿ ಹಣ್ಣು ಮುಗಿದುಹೋಯಿತು. ಆದರೆ ಅಷ್ಟರಲ್ಲೇ ಆ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡಿದ್ದ! ಆದರೂ ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆಲ್ಲ ನಿಂಬೆರಸ ಕೊಡಲು ನಿರ್ಧರಿಸಿದ್ದು 1795ರಲ್ಲಿ. ಸರ್ಕಾರಿ ಕಡತಗಳು ಆಗಲೂ ಈಗಿನಷ್ಟೇ ನಿಧಾನ!

ಹಣ್ಣಿನಲ್ಲಿ ಗುಣ ಕೊಟ್ಟ ವಸ್ತು ಯಾವುದೆಂದು ತಿಳಿಯಲು ಇನ್ನೂ ಸುಮಾರು ನೂರೆಂಬತ್ತು ವರ್ಷ ಬೇಕಾಯಿತು. ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ 1928ರಲ್ಲಿ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಅದು ಸಕ್ಕರೆಯ ಬಂಧುವಿನಂತಿತ್ತು, ಆದರೆ ಏನೆಂದು ಗೊತ್ತಿರಲಿಲ್ಲ. ಗ್ಲೂಕೋಸ್, ಫ್ರಕ್ಟೋಸ್ ಎಂದು ಸಕ್ಕರೆಗಳ ಹೆಸರೆಲ್ಲ 'ಓಸ್' ಎಂದು ಮುಗಿಯುತ್ತವಲ್ಲ. ತನಗೆ ಗೊತ್ತಿಲ್ಲವೆಂದು ಸೂಚಿಸಲು ಅವನು ಅದಕ್ಕೆ 'ಇಗ್ನೋಸ್' ಎಂದು ಹೆಸರಿಟ್ಟ. ಪತ್ರಿಕೆಯ ಸಂಪಾದಕರು ಇದು ತಮಾಷೆಯ ಜಾಗವಲ್ಲ ಎಂದರು. ಹಾಗಾದರೆ 'ಗಾಡ್‌ನೋಸ್' ಎಂದಿರಲಿ, ದೇವರೇ ಬಲ್ಲ, ಎಂದನಂತೆ. ಅದನ್ನೂ ಒಪ್ಪಲಿಲ್ಲ ಎಂದು ಬೇರೆ ಹೇಳಬೇಕೇ?

ಆ ವಸ್ತುವೇ ವಿಟಮಿನ್ ಸಿ ಎಂದು ಆಮೇಲೆ ಗೊತ್ತಾಯಿತು. ಆದರೆ ಹೆಚ್ಚಿನ ಪರೀಕ್ಷೆಗೆ ಅದು ಬೇಕಾದಷ್ಟು ಸಿಗುತ್ತಿರಲಿಲ್ಲ. ಕಿತ್ತಳೆ, ನಿಂಬೆಗಳ ರಸದಲ್ಲಿ ಇದ್ದರೂ ಅದರಲ್ಲಿರುವ ಸಕ್ಕರೆಗಳಿಂದ ಬೇರ್ಪಡಿಸುವುದು ಕಷ್ಟವಾಗುತ್ತಿತ್ತು. ಆಗ ಅವನಿದ್ದ ಊರು ಸೆಗೆಡ್. ನಮಗೆ ಬ್ಯಾಡಗಿ ಹೇಗೋ ಹಂಗೆರಿಗೆ ಸೆಗೆಡ್ ಹಾಗೆ, ಮೆಣಸಿನಕಾಯಿಗೆ ಪ್ರಸಿದ್ಧ. ಅಲ್ಲಿ ಅದನ್ನು ಪಾಪ್ರಿಕಾ ಎನ್ನುತ್ತಾರೆ. ಅವನೇ ಹೇಳಿಕೊಂಡ ಕಥೆಯ ಪ್ರಕಾರ, ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ಪಾಪ್ರಿಕಾ ಬಡಿಸಿದಳು. ಅವನಿಗೆ ತಿನ್ನಲು ಮನಸ್ಸಿಲ್ಲ. ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದಾಗ, ಈ ಒಂದು ಗಿಡವನ್ನು ತಾನು ಪರೀಕ್ಷಿಸಿಯೇ ಇಲ್ಲವಲ್ಲ ಎಂದು ಹೊಳೆಯಿತು. ಕಾಯಿಯನ್ನು ಎತ್ತಿಕೊಂಡು ಪ್ರಯೋಗಶಾಲೆಗೆ ನಡೆದ. ನಡುರಾತ್ರಿಯ ಹೊತ್ತಿಗೆ ಅದು ವಿಟಮಿನ್ ಸಿಯ ಭಂಡಾರವೆಂದು ಗೊತ್ತಾಯಿತು. ಕೆಲವೇ ವಾರಗಳಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ ವಿಟಮಿನ್ ಸಿ ಕೈಗೆ ಬಂತು. 1937ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂತು.

ತಟ್ಟೆಯಲ್ಲಿ ಬಡಿಸಿದ ತರಕಾರಿಯನ್ನು ಬೇಡವೆಂದು ಪಕ್ಕಕ್ಕೆ ಸರಿಸುವ ಹುಡುಗರೇ, ನಿಮಗೂ ಒಂದು ಅವಕಾಶವಿದೆ ಎಂದು ತಿಳಿಯಬೇಡಿ. ಅವನು ಪ್ರಯೋಗಶಾಲೆಗೆ ಒಯ್ದ, ನೀವು ಒಯ್ಯುವುದು ಕಸದ ಬುಟ್ಟಿಗೆ!

ನೂರು ಗ್ರಾಂ ತಕ್ಕಡಿ

ಈಗ ತೂಕಕ್ಕೆ ಬರೋಣ. ಎರಡನ್ನೂ ನೂರು ನೂರು ಗ್ರಾಂ ತೆಗೆದುಕೊಳ್ಳಿ, ಸಿಪ್ಪೆ ಬೀಜ ಬಿಟ್ಟು, ಹಸಿಯಾಗಿ. ತಳಿ, ಋತು, ಮಣ್ಣು ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಎಲ್ಲವನ್ನೂ 'ಸುಮಾರು' ಎಂದೇ ಓದಿಕೊಳ್ಳಿ.

ವಿಟಮಿನ್ ಸಿ: ದಪ್ಪ ಸಿಪ್ಪೆಯ, ಬಿಗಿಯಾದ ಕಿತ್ತಳೆಯಲ್ಲಿ (ಹೊರದೇಶದಿಂದ ಬರುತ್ತದಲ್ಲ, ಅದು) 50 ಮಿಲಿಗ್ರಾಂ. ನಮ್ಮ ನಾಗಪುರದ ಸಂತ್ರಾ, ಕೊಡಗಿನ ಕಿತ್ತಳೆ ಇವೆರಡೂ ಸಿಪ್ಪೆ ಸುಲಭವಾಗಿ ಬಿಡುವ ಬೇರೆ ಜಾತಿಯವು. ಅವುಗಳಲ್ಲಿ ಇನ್ನೂ ಕಡಿಮೆ, 30ರ ಆಸುಪಾಸು. ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ 80 ಮಿಲಿಗ್ರಾಂ. ಕೆಂಪಗೆ ಹಣ್ಣಾದದ್ದರಲ್ಲಿ 120ಕ್ಕೂ ಹೆಚ್ಚು. ಮಹಿಳೆಯರಿಗೆ ದಿನಕ್ಕೆ 65, ಪುರುಷರಿಗೆ 80 ಮಿಲಿಗ್ರಾಂ ಬೇಕೆಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ನಿಗದಿ ಮಾಡಿದೆ. ಇಲ್ಲಿ ಮೆಣಸಿನಕಾಯಿಯೇ ಮುಂದು.

ಸಕ್ಕರೆ ಮತ್ತು ಶಕ್ತಿ: ಕಿತ್ತಳೆಯಲ್ಲಿ 9 ಗ್ರಾಂ ಸಕ್ಕರೆ, 47 ಕ್ಯಾಲೊರಿ. ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ ಎರಡೂವರೆ ಗ್ರಾಂ ಸಕ್ಕರೆ, 20 ಕ್ಯಾಲೊರಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದು ನೆನಪಿರಲಿ. ಆದರೆ ಬೆಳಿಗ್ಗೆ ಏನೂ ತಿನ್ನದೆ ಲೋಕಲ್ ಹತ್ತಿ ಓಡುವ ನಿಮ್ಮಂಥವರಿಗೆ ಹಣ್ಣಿನ ಸಕ್ಕರೆ ದೋಷವಲ್ಲ, ಅದು ಕೂಡಲೇ ಶಕ್ತಿ ಕೊಡುತ್ತದೆ.

ನಾರು: ಕಿತ್ತಳೆಯಲ್ಲಿ 2.4 ಗ್ರಾಂ, ಮೆಣಸಿನಕಾಯಿಯಲ್ಲಿ 1.7. ಕಿತ್ತಳೆ ಸ್ವಲ್ಪ ಮುಂದು. ಆದರೆ ಇದು ತೊಳೆಯನ್ನು ಇಡಿಯಾಗಿ ತಿಂದರೆ ಮಾತ್ರ. ರಸ ಹಿಂಡಿ, ಸೋಸಿ, ಮೇಲೆ ಎರಡು ಚಮಚ ಸಕ್ಕರೆ ಹಾಕಿ ಕುಡಿದರೆ ನಾರು ಕಸದ ಬುಟ್ಟಿಗೆ, ಸಕ್ಕರೆ ನಿಮ್ಮ ಹೊಟ್ಟೆಗೆ.

ಫೋಲೇಟ್, ಅಂದರೆ ಹೊಸ ರಕ್ತಕಣಗಳ ತಯಾರಿಗೆ ಬೇಕಾದ ಬಿ ಗುಂಪಿನ ವಿಟಮಿನ್: ಕಿತ್ತಳೆಯಲ್ಲಿ 30 ಮೈಕ್ರೋಗ್ರಾಂ, ಹಸಿರು ಮೆಣಸಿನಕಾಯಿಯಲ್ಲಿ 10. ಕ್ಯಾಲ್ಸಿಯಂ: ಕಿತ್ತಳೆಯಲ್ಲಿ 40 ಮಿಲಿಗ್ರಾಂ, ಮೆಣಸಿನಕಾಯಿಯಲ್ಲಿ 10. ಇವೆರಡರಲ್ಲೂ ಹಣ್ಣೇ ಮುಂದು. ಪೊಟ್ಯಾಸಿಯಂ ಎರಡರಲ್ಲೂ ಹೆಚ್ಚು ಕಡಿಮೆ ಸಮಾನ. ಕಣ್ಣಿಗೆ ಬೇಕಾದ ವಿಟಮಿನ್ ಎ ಕೊಡುವ ಕ್ಯಾರೊಟಿನ್ ವಿಷಯದಲ್ಲಿ ಹಸಿರು ಮೆಣಸಿನಕಾಯಿ ಸಾಧಾರಣ, ಕೆಂಪಾದದ್ದು ಬಹಳ ಮುಂದು.

ಹಾಗಾದರೆ ಗೆದ್ದವರು ಯಾರು? ವಿಟಮಿನ್ ಸಿಯಲ್ಲಿ ಕಾಯಿ, ಫೋಲೇಟ್ ಮತ್ತು ಕ್ಯಾಲ್ಸಿಯಂನಲ್ಲಿ ಹಣ್ಣು. ಮೊಬೈಲಿನಲ್ಲಿ ಹುಡುಕಿದರೆ ನಿಮಗೂ ಇದೇ ಪಟ್ಟಿ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಅಲ್ಲಿಗೆ ನಿಲ್ಲುವುದಾದರೆ ನಾನು ಇಷ್ಟುದ್ದ ಬರೆಯಬೇಕಾಗಿರಲಿಲ್ಲ.

ತಟ್ಟೆಯ ಲೆಕ್ಕ

ನೂರು ಗ್ರಾಂ ಎನ್ನುವುದು ತಕ್ಕಡಿಯ ಲೆಕ್ಕ. ನಾವು ತಿನ್ನುವುದು ತಟ್ಟೆಯ ಲೆಕ್ಕದಲ್ಲಿ. ಕಿತ್ತಳೆಯನ್ನು ಸುಲಿದರೆ ಒಂದು ಪೂರ್ತಿ ಹಣ್ಣು ಒಬ್ಬರ ಹೊಟ್ಟೆಗೇ ಹೋಗುತ್ತದೆ, ಸೀಸನ್ನಿನಲ್ಲಿ ಟಿ.ವಿ. ಮುಂದೆ ಕೂತರೆ ಎರಡು ಮೂರು ಹೋಗುವುದೂ ಗೊತ್ತಾಗುವುದಿಲ್ಲ. ದೊಣ್ಣೆ ಮೆಣಸಿನಕಾಯಿ ಹಾಗಲ್ಲ. ನಾಲ್ಕು ಜನರ ವಾಂಗೀಭಾತಿನ ಬದಲು ಮಾಡುವ ಕ್ಯಾಪ್ಸಿಕಂ ಭಾತಿಗೆ ಒಂದೋ ಎರಡೋ ಕಾಯಿ ಬೀಳುತ್ತದೆ. ಒಬ್ಬೊಬ್ಬರ ಪಾಲಿಗೆ ಮೂವತ್ತು, ನಲವತ್ತು ಗ್ರಾಂ ಬಂದರೆ ಹೆಚ್ಚು. ಅಂದರೆ ಹಸಿಯಾಗಿದ್ದಾಗ ಇಪ್ಪತ್ತೈದು ಮೂವತ್ತು ಮಿಲಿಗ್ರಾಂ ವಿಟಮಿನ್ ಸಿ. ನಮ್ಮ ಒಂದು ಸಂತ್ರಾ ಹಣ್ಣಿನಷ್ಟೇ ಆಯಿತಲ್ಲ!

ಅದರ ಮೇಲೆ ಬೆಂಕಿಯ ಲೆಕ್ಕ ಬೇರೆ. ವಿಟಮಿನ್ ಸಿ ಬಹಳ ಸೂಕ್ಷ್ಮ. ನೀರಿನಲ್ಲಿ ಕರಗುತ್ತದೆ, ಶಾಖಕ್ಕೆ ಕೆಡುತ್ತದೆ, ಗಾಳಿಗೆ ಬಿಟ್ಟರೂ ಕೆಡುತ್ತದೆ. ಹೆಚ್ಚಿ ಗಂಟೆಗಟ್ಟಲೆ ಬಿಟ್ಟ ತರಕಾರಿ, ಬೇಯಿಸಿ ನೀರು ಬಸಿದು ಚೆಲ್ಲಿದ ತರಕಾರಿ, ಬೆಳಿಗ್ಗೆ ಮಾಡಿ ರಾತ್ರಿ ಮತ್ತೆ ಕುದಿಸಿದ ಪಲ್ಯ, ಇವುಗಳಲ್ಲಿ ಪುಸ್ತಕದ ಅಂಕಿಯನ್ನು ಹುಡುಕಬೇಡಿ. ಮೆಣಸಿನಕಾಯಿಯನ್ನು ಬಿಸಿಲಿಗೆ ಒಣಗಿಸಿದರೆ ಬಣ್ಣ, ಖಾರ ಉಳಿಯುತ್ತವೆ, ವಿಟಮಿನ್ ಸಿ ಬಹುಪಾಲು ಹೋಗುತ್ತದೆ. ಕಿತ್ತಳೆಗೆ ಈ ಗಂಡಾಂತರಗಳಿಲ್ಲ. ತಿನ್ನುವ ಕ್ಷಣದವರೆಗೆ ಅದು ತನ್ನದೇ ಡಬ್ಬಿಯಲ್ಲಿ ಭದ್ರವಾಗಿರುತ್ತದೆ. ಹಾಗೆ ನೋಡಿದರೆ ಪತ್ರ ಬರೆದ ಹುಡುಗಿಯ ಮಾತಿನಲ್ಲಿ ಅರ್ಧ ನಿಜವಿದೆ.

ಇನ್ನು ಅಮ್ಮನ ಕಡೆಯ ಅರ್ಧವನ್ನು ನೋಡೋಣ. ನನಗೆ ಮುಖ್ಯವೆನಿಸುವುದು ಇದೇ.

ರಕ್ತದ ಲೆಕ್ಕ

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59. ಹುಡುಗರೇ, ನೀವೂ ನಗಬೇಡಿ. ಗಂಡಸರಲ್ಲಿಯೂ ನೂರಕ್ಕೆ 25. ಇದು ಬಡವರ ಮನೆಯ ಕಾಯಿಲೆ ಎಂದು ತಿಳಿಯಬೇಡಿ. ರಕ್ತದಾನಕ್ಕೆ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಬೇಕು. ಯಾವುದೇ ಶಿಬಿರಕ್ಕೆ ಹೋಗಿ ನೋಡಿ, ಉತ್ಸಾಹದಿಂದ ತೋಳು ಮಡಚಿಕೊಂಡು ಬಂದ, ಒಳ್ಳೆಯ ಮನೆಯ, ಒಳ್ಳೆಯ ನೌಕರಿಯ ಹುಡುಗಿಯರು "ನಿಮಗೇ ರಕ್ತ ಕಡಿಮೆ ಇದೆ" ಎನ್ನಿಸಿಕೊಂಡು ಸಪ್ಪೆ ಮುಖದಿಂದ ಹಿಂದಿರುಗುತ್ತಾರೆ. ನಮ್ಮ ಕಟ್ಟಡದಲ್ಲೇ ಒಬ್ಬಳಿದ್ದಾಳೆ. ಎರಡು ಮಹಡಿ ಹತ್ತಿದರೆ ಏದುಸಿರು, ಯಾವಾಗಲೂ ಸುಸ್ತು, ಕೂದಲು ಉದುರುತ್ತದೆ ಎಂಬ ದೂರು. ಶಾಂಪೂ ಮೂರು ಸಲ ಬದಲಾಯಿಸಿದಳು, ರಕ್ತಪರೀಕ್ಷೆ ಒಂದು ಸಲವೂ ಮಾಡಿಸಿರಲಿಲ್ಲ. ಕೊನೆಗೆ ಮಾಡಿಸಿದಾಗ ಹಿಮೋಗ್ಲೋಬಿನ್ ಒಂಬತ್ತು!

ರಕ್ತಹೀನತೆಗೆ ಬೇರೆ ಕಾರಣಗಳೂ ಉಂಟು. ಆದರೆ ದೊಡ್ಡ ಕಾರಣ ಕಬ್ಬಿಣದ ಅಂಶದ ಕೊರತೆ. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕೆಂಬ ಲೆಕ್ಕವಿದೆ. ನಮ್ಮ ಊಟದಲ್ಲಿ ಕಬ್ಬಿಣ ಇಲ್ಲವೇ? ಇದೆ. ರಾಗಿಯಲ್ಲಿದೆ, ಬೇಳೆಕಾಳುಗಳಲ್ಲಿದೆ, ಸೊಪ್ಪಿನಲ್ಲಿದೆ, ಎಳ್ಳಿನಲ್ಲಿದೆ. ತೊಂದರೆ ಎಂದರೆ ಧಾನ್ಯ ಮತ್ತು ಸೊಪ್ಪಿನ ಕಬ್ಬಿಣ ಮಾಂಸದ ಕಬ್ಬಿಣದಂತೆ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಧಾನ್ಯ, ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಅವೂ ಅಡ್ಡ ಬರುತ್ತವೆ. ತಿಂದ ಕಬ್ಬಿಣದಲ್ಲಿ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲೂ ದೇಹಕ್ಕೆ ದಕ್ಕುವುದಿಲ್ಲ. ಉಳಿದದ್ದು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹೊರಟುಹೋಗುತ್ತದೆ.

ಇಲ್ಲಿ ಸಹಾಯಕ್ಕೆ ಬರುವುದು ವಿಟಮಿನ್ ಸಿ. ಅದು ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತದೆ, ಫೈಟೇಟಿನ ಕೈಗೆ ಸಿಕ್ಕದಂತೆ ಕಾಪಾಡುತ್ತದೆ. ಆದರೆ ಒಂದು ನಿಯಮವಿದೆ. ಕಬ್ಬಿಣ ಹೊಟ್ಟೆಯಲ್ಲಿರುವಾಗಲೇ ವಿಟಮಿನ್ ಸಿಯೂ ಅಲ್ಲಿರಬೇಕು. ಒಂದೇ ಊಟದಲ್ಲಿ, ಒಂದೇ ಹೊತ್ತಿನಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ತಿಂದ ರೊಟ್ಟಿ ಬೇಳೆಯ ಕಬ್ಬಿಣಕ್ಕೆ ಸಂಜೆ ಐದಕ್ಕೆ ತಿಂದ ಕಿತ್ತಳೆಯಿಂದ ಏನೂ ಉಪಯೋಗವಿಲ್ಲ. ರೈಲು ಹೋದ ಮೇಲೆ ಟಿಕೆಟ್ ತೆಗೆದುಕೊಂಡ ಹಾಗೆ! ಆ ಕಿತ್ತಳೆ ವ್ಯರ್ಥವೆಂದಲ್ಲ. ಒಸಡು, ಚರ್ಮ, ಗಾಯ ಮಾಯುವುದು ಇವಕ್ಕೆಲ್ಲ ಅದು ಕೆಲಸ ಮಾಡಿಯೇ ಮಾಡುತ್ತದೆ. ರಕ್ತದ ಕೆಲಸ ಮಾತ್ರ ತಪ್ಪಿಹೋಗುತ್ತದೆ.

ತರಕಾರಿಯ ದೊಡ್ಡ ಗುಣ ಇದೇ. ಅದು ತಾನಾಗಿ ಊಟದ ಜೊತೆಗೇ ಬರುತ್ತದೆ. ಚಪಾತಿ, ಬೇಳೆಯ ಪಕ್ಕದಲ್ಲಿ ಡಬ್ಬಿಯಲ್ಲಿ ಕೂತ ದೊಣ್ಣೆ ಮೆಣಸಿನಕಾಯಿ ಪಲ್ಯದಲ್ಲಿ ವಿಟಮಿನ್ ಸಿ ಅರ್ಧವೇ ಉಳಿದಿದ್ದರೂ ಇರಬೇಕಾದ ಜಾಗದಲ್ಲಿ, ಇರಬೇಕಾದ ಹೊತ್ತಿನಲ್ಲಿ ಇರುತ್ತದೆ. ಅಂದಮೇಲೆ ಎಷ್ಟಿದೆ ಎಂದು ಮಾತ್ರ ಕೇಳಬೇಡಿ, ಯಾವುದರ ಜೊತೆಗಿದೆ ಎಂದೂ ಕೇಳಿ. ಹಣ್ಣು, ತರಕಾರಿಗಳ ಪೌಷ್ಟಿಕತೆಯನ್ನು ಹೋಲಿಸುವಾಗ ನಾವು ಮರೆಯುವ ಪ್ರಶ್ನೆ ಇದು.

ನಮ್ಮ ಹಿರಿಯರು ಫೈಟೇಟ್ ಎಂಬ ಹೆಸರು ಕೇಳಿರಲಿಲ್ಲ, ನಿಜ. ಆದರೂ ಅವರ ಊಟದ ಎಲೆಯನ್ನು ನೋಡಿ. ಹಳೇ ಮೈಸೂರಿನವರು ನೆನೆಸಿದ ಹೆಸರುಬೇಳೆಗೆ ನಿಂಬೆರಸ ಹಿಂಡಿ ಕೋಸಂಬರಿ ಮಾಡುತ್ತಾರೆ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯದ ಸೊಪ್ಪು, ಮೂಲಂಗಿ, ಸೌತೆಕಾಯಿ, ಈರುಳ್ಳಿಯ ಪಚಡಿ ಇಟ್ಟುಕೊಳ್ಳುತ್ತಾರೆ. ಕರಾವಳಿಯವರು, ಮಲೆನಾಡಿನವರು ಊಟಕ್ಕೆ ನೆಲ್ಲಿಕಾಯಿ ತಂಬುಳಿ ಕಲಸಿಕೊಳ್ಳುತ್ತಾರೆ. ವಿಟಮಿನ್ ಸಿಯಲ್ಲಿ ನೆಲ್ಲಿಕಾಯಿಯ ಮುಂದೆ ನಮ್ಮ ಇಂದಿನ ಇಬ್ಬರು ಸ್ಪರ್ಧಿಗಳೂ ಮಕ್ಕಳು. ಅವರು ಇದನ್ನೆಲ್ಲ ರುಚಿಗಾಗಿ ಮಾಡಿದರೋ ಅನುಭವದಿಂದ ಮಾಡಿದರೋ, ಬೇಳೆ ಕಾಳು ಧಾನ್ಯದ ಪಕ್ಕದಲ್ಲಿ ಹಸಿಯಾದ, ಹುಳಿಯಾದ ಒಂದನ್ನು ಇಟ್ಟರು. ಊರು ಬಿಟ್ಟು ಮುಂಬಯಿಗೆ, ಪುಣೆಗೆ ಬಂದ ನಾವು ಅನ್ನ, ಸಾರು, ಚಪಾತಿಗಳನ್ನು ಜೊತೆಗೆ ತಂದುಕೊಂಡೆವು; ಎಲೆಯ ತುದಿಯಲ್ಲಿದ್ದ ಕೋಸಂಬರಿ ಮಾತ್ರ ಹಬ್ಬಕ್ಕೆ ಮೀಸಲಾಯಿತು.

ಏನು ಮಾಡಬಹುದು?

ಉಪದೇಶ ಸಾಕು, ಕೆಲಸಕ್ಕೆ ಬರುವ ನಾಲ್ಕು ಮಾತು ಹೇಳುತ್ತೇನೆ.

ಕಿತ್ತಳೆ ತಿನ್ನುವವರು ಅದನ್ನು ಸಂಜೆಯಿಂದ ಊಟದ ಹೊತ್ತಿಗೆ ತನ್ನಿ. ಡಬ್ಬಿ ಖಾಲಿ ಮಾಡಿದ ಕೂಡಲೇ ಸುಲಿದು ತಿನ್ನಿ. ರಸ ಬೇಡ, ತೊಳೆಯೇ ಇರಲಿ. ಕಿತ್ತಳೆ ಸಿಗದ ತಿಂಗಳಲ್ಲಿ ಸೀಬೆಹಣ್ಣು ತೆಗೆದುಕೊಳ್ಳಿ, ಅದೇ ನೀವು ಪೇರು ಎನ್ನುವುದು. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಇದೆ. ಕಿತ್ತಳೆ ತಿಂದರೆ ನೆಗಡಿ ಬರುತ್ತದೆ ಎಂದು ಅಜ್ಜಿ ಹೆದರಿಸಿದರೆ ಮೆಲ್ಲಗೆ ಹೇಳಿ, ನೆಗಡಿ ಬರುವುದು ವೈರಸ್ಸಿನಿಂದ, ಕಿತ್ತಳೆಯಿಂದಲ್ಲ. ಹಾಗೆಯೇ ಕಿತ್ತಳೆ ತಿಂದರೆ ನೆಗಡಿಯೇ ಬರುವುದಿಲ್ಲ ಎಂದು ನೀವೂ ವಾದಿಸಬೇಡಿ, ಅದೂ ಸರಿಯಲ್ಲ.

ದೊಣ್ಣೆ ಮೆಣಸಿನಕಾಯಿಯನ್ನು ಇಡಿಯಾಗಿ ತೊಳೆದು, ಅಡುಗೆಗೆ ಸ್ವಲ್ಪ ಮೊದಲು ಹೆಚ್ಚಿ. ಭಾತಿಗಾದರೆ ಅಕ್ಕಿಯ ಜೊತೆ ಕುಕ್ಕರಿನಲ್ಲಿ ಕೂಗಿಸಬೇಡಿ. ಬೇರೆಯಾಗಿ ಎಣ್ಣೆಯಲ್ಲಿ ಜೋರು ಉರಿಯ ಮೇಲೆ ಎರಡು ಮೂರು ನಿಮಿಷ ಬಾಡಿಸಿ ಕೊನೆಯಲ್ಲಿ ಸೇರಿಸಿ. ಬಣ್ಣವೂ ಉಳಿಯುತ್ತದೆ, ಕರುಕುರು ಎನ್ನುವುದೂ ಉಳಿಯುತ್ತದೆ. ಕೆಂಪು ಹಳದಿಯವೇ ಬೇಕೆಂದು ದುಬಾರಿ ಕೊಡಬೇಕಾಗಿಲ್ಲ, ತರಕಾರಿ ಬಾಯಿಯ ಬುಟ್ಟಿಯ ಹಸಿರು ಕಾಯಿಯೇ ಸಾಕು.

ತರಕಾರಿ ಸೇರುವುದಿಲ್ಲ ಎನ್ನುವವರಿಗೆ ಒಲೆ ಹೆಚ್ಚು ಬೇಡದ ಒಂದು ಕೋಸಂಬರಿ ಹೇಳುತ್ತೇನೆ, ಹಾಸ್ಟೆಲಿನ ಹುಡುಗರೂ ಮಾಡಬಹುದು. ಅರ್ಧ ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿಯಿರಿ. ಒಂದು ದೊಣ್ಣೆ ಮೆಣಸಿನಕಾಯಿಯ ಬೀಜ ತೆಗೆದು ಸಣ್ಣಗೆ ಹೆಚ್ಚಿ ಸೇರಿಸಿ. ಎರಡು ಚಮಚ ತೆಂಗಿನ ತುರಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ರುಚಿಗೆ ಉಪ್ಪು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ ಆರಿದ ಮೇಲೆ ಹಾಕಿ. ಉಣ್ಣುವ ಮುಂಚೆ ಅರ್ಧ ನಿಂಬೆಹಣ್ಣು ಹಿಂಡಿ. ಒಗ್ಗರಣೆಗೆ ಸೌಕರ್ಯವಿಲ್ಲದವರು ಅದನ್ನು ಬಿಟ್ಟು ಹುರಿದ ಶೇಂಗಾ ಉದುರಿಸಿಕೊಳ್ಳಿ. ಬೇಳೆಯಲ್ಲಿ ಕಬ್ಬಿಣ, ಕಾಯಿಯಲ್ಲೂ ನಿಂಬೆಯಲ್ಲೂ ವಿಟಮಿನ್ ಸಿ, ಎರಡೂ ಒಂದೇ ಬಟ್ಟಲಿನಲ್ಲಿ. ಇಬ್ಬರಿಗೆ ಧಾರಾಳವಾಗುತ್ತದೆ.

ಚಹಾ, ಕಾಫಿಯನ್ನು ಊಟ ತಿಂಡಿಯ ಜೊತೆ ಬೇಡ, ಒಂದು ಗಂಟೆ ಆಚೀಚೆ ಮಾಡಿ. ಇದು ಕಷ್ಟದ ಮಾತೆಂದು ನನಗೂ ಗೊತ್ತು. ಇಡ್ಲಿಯ ಪಕ್ಕದಲ್ಲಿ ಫಿಲ್ಟರ್ ಕಾಫಿ ಇಲ್ಲದಿದ್ದರೆ ನಮ್ಮ ಮನೆಯಲ್ಲೂ ಮುಷ್ಕರವೇ. ಆದರೆ ರಕ್ತ ಕಡಿಮೆ ಇರುವವರಾದರೂ ಪ್ರಯತ್ನಿಸಲೇಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಯಾವಾಗಲೂ ಸುಸ್ತು, ಏದುಸಿರು, ತಲೆಸುತ್ತು ಇದ್ದರೆ ಕಿತ್ತಳೆ, ಕೋಸಂಬರಿ ಎಂದು ಕಾಲ ಕಳೆಯಬೇಡಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ಡಾಕ್ಟರನ್ನು ಕಂಡು, ಅವರು ಬರೆದುಕೊಟ್ಟ ಮಾತ್ರೆಯನ್ನು ಹೇಳಿದಷ್ಟು ತಿಂಗಳು ತಪ್ಪದೆ ತೆಗೆದುಕೊಳ್ಳಿ. ಇಳಿದುಹೋದ ರಕ್ತವನ್ನು ತರಕಾರಿಯೊಂದೇ ಮೇಲೆತ್ತಲಾರದು. ಊಟದ ಕ್ರಮ ಸರಿಯಿದ್ದರೆ ಮತ್ತೆ ಇಳಿಯದಂತೆ ನೋಡಿಕೊಳ್ಳಲು ಸಹಾಯವಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನೀವು ಕೇಳಿರಬಹುದು. ಅದರಲ್ಲಿರುವುದು 'ಉಂಡವನಿಗೆ' ಎಂದಲ್ಲ, 'ಊಟ ಬಲ್ಲವನಿಗೆ' ಎಂದು. ಯಾವುದನ್ನು, ಯಾವಾಗ, ಯಾವುದರ ಜೊತೆ ಎಂಬುದೆಲ್ಲ ಆ 'ಬಲ್ಲ' ಎಂಬ ಮಾತಿನಲ್ಲಿ ಸೇರಿದೆ.

ಈಗ ಪತ್ರ ಬರೆದ ಹುಡುಗಿಗೆ ನನ್ನ ಉತ್ತರ. ಮಗೂ, ನಿನ್ನ ಕಿತ್ತಳೆಯನ್ನು ಬಿಡಬೇಡ, ಅಮ್ಮನ ಡಬ್ಬಿಯನ್ನೂ ಬಿಡಬೇಡ. ಕಿತ್ತಳೆಯನ್ನು ಡಬ್ಬಿಯ ಜೊತೆಗೇ ಚೀಲಕ್ಕೆ ಹಾಕಿಕೊಂಡು ಹೋಗು. ಪಲ್ಯ ಬೇಸರವಾದರೆ ಭಾನುವಾರ ನೀನೇ ಈ ಕೋಸಂಬರಿ ಮಾಡಿ ಅಮ್ಮನಿಗೂ ಒಂದು ಬಟ್ಟಲು ಕೊಡು. ಹಾಗೆಯೇ ಅಮ್ಮನನ್ನು ಕರೆದುಕೊಂಡು ಹೋಗಿ ಇಬ್ಬರೂ ಒಟ್ಟಿಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಮನೆಯವರಿಗೆಲ್ಲ ಬಡಿಸಿ ಕೊನೆಯಲ್ಲಿ ಉಣ್ಣುವ ಅಮ್ಮಂದಿರ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಫಲಿತಾಂಶ ಏನು ಬಂತೆಂದು ನನಗೆ ಬರೆದು ತಿಳಿಸು, ಕನ್ನಡದಲ್ಲೇ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.

ನಿಮ್ಮ ಪ್ರೀತಿಯ
ಆಂಟಿ